ವಿಷವನ್ನು ಪಳಗಿಸುವ ಅಣುಜೀವಿಗಳೂ ನಮ್ಮ ಕರ್ತವ್ಯವೂ

ನಮ್ಮ ಶಾಲೆಯಲ್ಲಿ ಓದಿ ಹೋದ ಸೋದರಿಯರೆಲ್ಲರಿಗೂ ಆರೋಗ್ಯಶಾಸ್ತ್ರದ ಮೊದಲನೆಯ ಪಾಠವು ನೆನಪಿನಲ್ಲಿರಬಹುದು. ಕಣ್ಣಿಗೆ ಕಾಣದ ಅಣುಜೀವಿಗಳುಂಟು. ಅವು ನೀರಿನಲ್ಲಿಯೂ ಗಾಳಿಯಲ್ಲಿಯೂ ಉಗುರಿನ ಸಂದಿಯಲ್ಲಿಯೂ ಇರುತ್ತವೆ. ವಾಂತಿಭೇದಿಯೂ ವಿಷಮಶೀತಜ್ವರವೂ ಅವುಗಳಿಂದಲೇ ಹರಡುತ್ತವೆ. ಆದಕಾರಣ ನೀರನ್ನು ಕಾಯಿಸಿ ಆರಿಸಿ ಕುಡಿಯತಕ್ಕದ್ದು, ಕೈ ತೊಳೆದು ಉಣ್ಣತಕ್ಕದ್ದು ಎಂಬುದೇ ಆ ಪಾಠದ ಸಾರಾಂಶ. ಕೈ ತೊಳೆಯದೆ ಪಂಕ್ತಿಯಲ್ಲಿ ಕುಳಿತವಳನ್ನು ಎಬ್ಬಿಸಿ ನೀರಿನ ತೊಟ್ಟಿಯ ಬಳಿಗೆ ಕಳುಹಿಸುತ್ತಿದ್ದುದನ್ನು ಯಾರು ತಾನೆ ಮರೆತಾರು? ಆ ಪಾಠವು ಎಷ್ಟು ಮನೆಗಳ ಕೂಸುಗಳನ್ನು ಉಳಿಸಿತೆಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ಅದರಲ್ಲಿ ಒಂದಕ್ಷರವನ್ನೂ ನಾವು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಆದರೆ ಅದು ಅರ್ಧ ಸತ್ಯವೆಂಬುದನ್ನೂ, ಉಳಿದರ್ಧವನ್ನು ಕಲಿಸದೆ ಬಿಟ್ಟರೆ ಈ ಕಾಲದಲ್ಲಿ ನಮ್ಮ ಮನೆಗಳಿಗೂ ಬಾವಿಗಳಿಗೂ ಹಾನಿ ತಟ್ಟಬಹುದೆಂಬುದನ್ನೂ ಈ ಸ್ಮರಣ ಸಂಚಿಕೆಯ ಮೂಲಕ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡಬೇಕೆಂದು ಬಯಸುತ್ತೇವೆ.

ಉಳಿದರ್ಧ ಯಾವುದು? ತೆಂಗಳಿಯ ಸುತ್ತಲಿನ ಯಾವ ರೈತನ ಮಗಳನ್ನಾದರೂ ಕೇಳಿರಿ. ತೊಗರಿಯ ಗಿಡವನ್ನು ಬೇರುಸಹಿತ ಕಿತ್ತರೆ ಬೇರಿನ ಎಳೆಗಳಲ್ಲಿ ಸಣ್ಣ ಸಣ್ಣ ಗಂಟುಗಳಿರುವುದನ್ನು ಅವಳು ಬಲ್ಲಳು. ಆ ಗಂಟುಗಳೊಳಗೆ ಬ್ಯಾಕ್ಟೀರಿಯಾ ಎಂಬ ಅಣುಜೀವಿಗಳು ಮನೆ ಮಾಡಿಕೊಂಡಿದ್ದು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ತೊಗರಿ ಬೆಳೆದ ಹೊಲದಲ್ಲಿ ಮುಂದಿನ ಜೋಳವು ಹುಲುಸಾಗಿ ಬರುವುದೆಂಬ ಹಿರಿಯರ ಅನುಭವಕ್ಕೆ ಇದೇ ಕಾರಣ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತಷ್ಟೆ; ಆ ಕೀರ್ತಿಯಲ್ಲಿ ಈ ಅಡಗಿದ ದುಡಿಮೆಗಾರರಿಗೂ ಒಂದು ಪಾಲು ಸಲ್ಲತಕ್ಕದ್ದು. ರಾತ್ರಿ ಹೆಪ್ಪು ಹಾಕಿದ ಹಾಲನ್ನು ಬೆಳಗಾಗುವಷ್ಟರಲ್ಲಿ ಮೊಸರಾಗಿಸುವುದೂ ಇವುಗಳ ಜಾತಿಯವೇ. ಹೀಗಿರಲಾಗಿ, ಅಣುಜೀವಿಗಳೆಲ್ಲವೂ ವೈರಿಗಳೆಂದು ಮಕ್ಕಳಿಗೆ ಹೇಳಿಕೊಡುವುದು ನ್ಯಾಯವಲ್ಲ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಇನ್ನೂ ಒಂದು ಹೆಜ್ಜೆ ಮುಂದಿನ ಮಾತು. ಮನುಷ್ಯನು ತನ್ನ ಕೈಯಾರೆ ಮಾಡಿ ಚೆಲ್ಲಿದ ಒಂದು ಕಠಿಣ ವಿಷವನ್ನು ಈ ಅಣುಜೀವಿಗಳಲ್ಲಿ ಕೆಲವು ಪಳಗಿಸಬಲ್ಲವು. ಆ ವಿಷದ ಹೆಸರು ಕ್ರೋಮಿಯಂ.

ಈ ಹೆಸರು ನಮ್ಮ ಸೀಮೆಗೆ ಹೊಸದೆಂದು ತೋರಬಹುದು. ಆದರೆ ಅದರ ಪೆಟ್ಟು ಹೊಸದಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಊರುಗಳ ನೆಲವು ಸುಣ್ಣಕಲ್ಲಿನ ನೆಲ. ಶಹಾಬಾದದ ಫರಸಿ ಕಲ್ಲು ನಾಡಿನ ಎಷ್ಟೋ ಮನೆಗಳ ಪಡಸಾಲೆಗಳಲ್ಲಿ ಹಾಸಿದೆ. ಶಹಾಬಾದದಲ್ಲಿ ನಿಜಾಮರ ಆಳ್ವಿಕೆಯ ಕಾಲದಲ್ಲಿಯೇ ಸಿಮೆಂಟು ಸುಡಲಾರಂಭವಾಯಿತು. ವಾಡಿಯಲ್ಲಿ 1968ರಿಂದಲೂ, ಸೇಡಂ ಮಳಖೇಡಗಳಲ್ಲಿ 1980ರ ದಶಕದಿಂದಲೂ ದೊಡ್ಡ ಗೂಡುಗಳು ಉರಿಯತೊಡಗಿದವು. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರ ತಂದೆಗಳು ಆ ಕಾರ್ಖಾನೆಗಳಲ್ಲಿಯೂ ಗಣಿಗಳಲ್ಲಿಯೂ ದುಡಿದವರು; ಇನ್ನನೇಕರ ತಾಯಿತಂದೆಗಳು ಅಲ್ಲಿಂದ ಹೊರಟ ಸಿಮೆಂಟನ್ನು ಕಲಸಿ ಮನೆ ಕಟ್ಟುವ ಗೌಂಡಿಗಳು, ಬುಟ್ಟಿ ಹೊರುವ ಕೂಲಿಗಳು.

ಅಂತಹ ಒಬ್ಬ ತಾಯಿಯನ್ನು ನಾವು ಬಹುಕಾಲ ಮರೆಯಲಾರೆವು. ಮಗಳ ಪ್ರಗತಿಪತ್ರಕ್ಕೆ ಹೆಬ್ಬೆಟ್ಟು ಒತ್ತಲೆಂದು ಆಕೆ ಬಂದಿದ್ದಳು. ಅಂಗೈಯೆಲ್ಲ ಬಿರಿದು, ಬೆರಳ ಸಂದುಗಳಲ್ಲಿ ಕೆಂಪಾಗಿ, ಹೆಬ್ಬೆಟ್ಟಿನ ಗೆರೆಗಳೇ ಅಳಿಸಿಹೋಗಿದ್ದವು. ಮಸಿಯ ಗುರುತು ಕಾಗದದ ಮೇಲೆ ಬರಿಯ ಕಲೆಯಾಗಿ ಬಿದ್ದಿತು. ಇದೇನೆಂದು ವಿಚಾರಿಸಲು ಆಕೆ ನಕ್ಕು, "ಅಕ್ಕೋರೆ, ಸಿಮೆಂಟು ಕೈ ತಿಂತದ, ಬಿಟ್ರ ಹೊಟ್ಟಿ ಸುಡ್ತದ. ಸೈಸ್ಕೊಂಡು ಹೋಗೂದು," ಎಂದಳು. ಆ ಕಡೆಯ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಸಹನೆಯು ದೊಡ್ಡ ಗುಣವೆಂದು ಹೆಣ್ಣುಮಕ್ಕಳಿಗೆ ಕಲಿಸುತ್ತ ಬಂದವರು ನಾವೇ ಅಲ್ಲವೆ?

ಆಕೆಯ ಕೈಯನ್ನು ತಿಂದುದು ಯಾವುದು? ಸಿಮೆಂಟಿನಲ್ಲಿರುವ ಸುಣ್ಣದ ಖಾರವು ಒಂದು. ಎರಡನೆಯದು, ಆ ಬೂದುಬಣ್ಣದ ಪುಡಿಯಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಪಾಲುಗಳಷ್ಟಿರುವ ಕ್ರೋಮಿಯಂ. ಒಮ್ಮೆ ಇದು ಚರ್ಮಕ್ಕೆ ಒಗ್ಗದೆ ಹೋಯಿತೆಂದರೆ ಮುಂದೆ ಎಷ್ಟು ಸ್ವಲ್ಪವೇ ಸೋಂಕಿದರೂ ತುರಿಯೂ ಗಾಯವೂ ಮರಳಿ ಮರಳಿ ಬರುವುವು. ಗೌಂಡಿಗಳ ಈ ಕೈರೋಗವು ಎಲ್ಲ ದೇಶಗಳಲ್ಲಿಯೂ ಕಂಡುಬಂದುದೇ.

ಕ್ರೋಮಿಯಂ ಎಂಬುದು ಒಂದು ಲೋಹ. ಫ್ರಾನ್ಸ್ ದೇಶದ ವೊಕೆಲಾನ್ ಎಂಬ ರಸಾಯನಶಾಸ್ತ್ರಜ್ಞನು 1797ರಲ್ಲಿ ಇದನ್ನು ಒಂದು ಕೆಂಪು ಅದಿರಿನಲ್ಲಿ ಕಂಡುಹಿಡಿದನು. ಇದರ ಸಂಯುಕ್ತಗಳು ಹಳದಿ, ಕಿತ್ತಳೆ, ಹಸಿರು ಮೊದಲಾದ ಬಗೆಬಗೆಯ ಬಣ್ಣಗಳನ್ನು ತೋರುವುದರಿಂದ ಗ್ರೀಕ್ ಭಾಷೆಯಲ್ಲಿ ಬಣ್ಣವೆಂಬ ಅರ್ಥದ ಮಾತಿನಿಂದಲೇ ಇದಕ್ಕೆ ಹೆಸರಿಟ್ಟರು. ನಮ್ಮ ಕರ್ನಾಟಕದಲ್ಲಿಯೇ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಇದರ ಅದಿರನ್ನು ಅಗೆದು ತೆಗೆದಿದ್ದಾರೆ. ಈ ಲೋಹಕ್ಕೆ ಎರಡು ಮುಖ್ಯ ಸ್ಥಿತಿಗಳುಂಟು. ಒಂದರಲ್ಲಿ ಅದರ ಪರಮಾಣುವು ಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುವುದು, ಇನ್ನೊಂದರಲ್ಲಿ ಆರನ್ನು. ಸುಲಭಕ್ಕಾಗಿ ಇವನ್ನು ಮೂರರ ಕ್ರೋಮಿಯಂ, ಆರರ ಕ್ರೋಮಿಯಂ ಎಂದು ಕರೆಯೋಣ.

ಲೋಹವು ಒಂದೇ ಆಗಿರಲು ಸ್ಥಿತಿಭೇದದಿಂದ ಏನು ಮಹಾ ವ್ಯತ್ಯಾಸವೆಂದು ಕೇಳುವವರಿಗೆ ನಮ್ಮೂರ ಕಲ್ಲೇ ಉತ್ತರ ಹೇಳುವುದು. ಸುಣ್ಣಕಲ್ಲಿನ ಮೇಲೆ ಕೂಸು ಆಡಿದರೂ ಭಯವಿಲ್ಲ. ಅದೇ ಕಲ್ಲನ್ನು ಗೂಡಿನಲ್ಲಿ ಸುಟ್ಟು ಸುಣ್ಣವಾಗಿಸಿದರೆ, ನೀರು ತಾಕಿದೊಡನೆ ಕೊತಕೊತನೆ ಕುದಿದು ಕೈ ಸುಡುವುದು. ಗೋಡೆಗೆ ಬಳಿದು ಕೆಲಕಾಲ ಕಳೆದರೆ ಗಾಳಿಯೊಡನೆ ಕೂಡಿ ಪುನಃ ಕಲ್ಲಿನ ಗುಣವನ್ನೇ ಹೊಂದಿ ಸೌಮ್ಯವಾಗುವುದು. ಒಳಗಿನ ಲೋಹವು ಮೊದಲಿನಿಂದ ಕಡೆಯವರೆಗೂ ಒಂದೇ. ಕ್ರೋಮಿಯಂ ಕಥೆಯೂ ಹಾಗೆಯೇ ಎಂದು ತಿಳಿಯತಕ್ಕದ್ದು. ಮೂರರ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗದು, ಮಣ್ಣಿಗೆ ಅಂಟಿಕೊಂಡು ಬಿದ್ದಿರುವುದು, ಜೀವಕೋಶದೊಳಕ್ಕೆ ನುಗ್ಗಲಾರದು. ಆರರ ಕ್ರೋಮಿಯಂ ನೀರಿನಲ್ಲಿ ಕರಗಿ ಅದರೊಡನೆ ಹರಿಯುವುದು, ಚರ್ಮವನ್ನೂ ಜೀವಕೋಶದ ಪೊರೆಯನ್ನೂ ದಾಟುವುದು. ಅದರ ಧೂಳನ್ನೂ ಹನಿಗಳನ್ನೂ ಬಹುಕಾಲ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರು ಬರುವುದೆಂಬುದು ಸಂದೇಹಕ್ಕೆಡೆಯಿಲ್ಲದಂತೆ ಸಿದ್ಧವಾಗಿದೆ. ಕಲ್ಲಿನಲ್ಲಿಯೂ ಜೇಡಿಯಲ್ಲಿಯೂ ಅತ್ಯಲ್ಪವಾಗಿ ಅಡಗಿರುವ ಮೂರರ ಕ್ರೋಮಿಯಂ ಸಿಮೆಂಟಿನ ಗೂಡಿನ ಮಹಾ ಉರಿಯಲ್ಲಿ ಸಿಕ್ಕಿ, ಸ್ವಲ್ಪಾಂಶ ಆರರ ಸ್ಥಿತಿಗೆ ಏರುವುದು. ಗೌಂಡಿಯ ಕೈಗೆ ತಗಲುವುದು ಅದೇ.

ಇದಕ್ಕೆ ಪರಿಹಾರವಿಲ್ಲವೆ? ಉಂಟು, ಮತ್ತು ಅದು ಕಷ್ಟವಾದುದೂ ಅಲ್ಲ. ನಮ್ಮ ಅಂಗಡಿಗಳಲ್ಲಿ ಅನ್ನಭೇದಿಯೆಂದು ಮಾರುವ ಹಸಿರು ಹರಳನ್ನು, ಎಂದರೆ ಕಬ್ಬಿಣದ ಸಲ್ಫೇಟನ್ನು, ಸಿಮೆಂಟಿಗೆ ಸ್ವಲ್ಪ ಬೆರೆಸಿದರೆ, ನೀರು ಕಲಸಿದಾಗ ಆರರ ಕ್ರೋಮಿಯಂ ಮೂರಕ್ಕೆ ಇಳಿಯುವುದು. ಡೆನ್ಮಾರ್ಕ್ ದೇಶವು 1983ರಲ್ಲಿಯೇ ಇದನ್ನು ಕಾನೂನಾಗಿ ಮಾಡಿತು. 2005ರಿಂದ ಯೂರೋಪಿನ ಒಕ್ಕೂಟದಲ್ಲೆಲ್ಲ ಕಿಲೋ ಸಿಮೆಂಟಿಗೆ 2 ಮಿಲಿಗ್ರಾಮಿಗೆ ಮಿಕ್ಕಿ ಕರಗುವ ಆರರ ಕ್ರೋಮಿಯಂ ಇರಕೂಡದೆಂದು ಕಟ್ಟಳೆಯಾಯಿತು. ಪರದೇಶದ ಗೌಂಡಿಯ ಅಂಗೈಗೆ ಸಲ್ಲುವ ಕರುಣೆಯು ನಮ್ಮ ಗೌಂಡಿಯ ಅಂಗೈಗೂ ಸಲ್ಲಬೇಕೆಂಬುದೇ ನಮ್ಮ ಮೊದಲನೆಯ ಅಭಿಪ್ರಾಯ.

ಸಿಮೆಂಟಿನಲ್ಲಿರುವುದು ತೃಣಮಾತ್ರ. ಕ್ರೋಮಿಯಂ ನೆಲಕ್ಕೂ ನೀರಿಗೂ ಹೊಳೆಯಂತೆ ಬಿದ್ದ ಸ್ಥಳಗಳು ಬೇರೆ ಇವೆ. ಲೋಹದ ಸಾಮಾನುಗಳಿಗೆ ಹೊಳಪಿನ ಲೇಪ ಹಾಕುವ ತೊಟ್ಟಿಗಳಿಂದಲೂ, ಚರ್ಮ ಹದಮಾಡುವ ಕಾರ್ಖಾನೆಗಳಿಂದಲೂ ಅದು ಹೊರಬರುವುದು. ಹಿಂದೆ ನಮ್ಮವರು ತಂಗಡಿಯ ತೊಗಟೆಯಿಂದ ಚರ್ಮವನ್ನು ಹದಮಾಡುತ್ತಿದ್ದರು. 20ನೆಯ ಶತಮಾನದ ಆದಿಯಲ್ಲಿ ಮದರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬವರು ಕ್ರೋಮಿಯಂ ಉಪ್ಪಿನಿಂದ ಹದಮಾಡುವ ಕ್ರಮವನ್ನು ಆರಂಭಿಸಿದರು. ಕೆಲಸ ಬೇಗ ಆಗುವುದೆಂದು ಅದು ದೇಶದಲ್ಲೆಲ್ಲ ಹಬ್ಬಿತು. ತಮಿಳುನಾಡಿನ ರಾಣಿಪೇಟೆಯಲ್ಲಿ ಚರ್ಮದ ಕೆಲಸಕ್ಕೆ ಬೇಕಾದ ಕ್ರೋಮೇಟನ್ನು ತಯಾರಿಸುತ್ತಿದ್ದ ಒಂದು ಕಾರ್ಖಾನೆಯು 1995ರಲ್ಲಿ ಬಾಗಿಲು ಹಾಕಿತು. ಆದರೆ ಅದು ಬಿಟ್ಟುಹೋದ ಲಕ್ಷ ಟನ್ನಿಗೂ ಮಿಕ್ಕ ಕಸವು ಬಹುವರ್ಷ ಅಲ್ಲಿಯೇ ಬಿದ್ದು, ಮಳೆಗೆ ಕರಗಿ ಹಳದಿ ನೀರಾಗಿ ಹರಿಯಿತು. ನಮ್ಮ ರಾಜಧಾನಿಯಾದ ಬೆಂಗಳೂರಿನ ಪೀಣ್ಯದಲ್ಲಿ, ಲೇಪ ಹಾಕುವ ಸಣ್ಣ ಸಣ್ಣ ಕಾರ್ಖಾನೆಗಳ ನಡುವೆ, ನೆಲದೊಳಗಿನ ನೀರಿನಲ್ಲಿ ಕ್ರೋಮಿಯಂ ಮಿತಿಮೀರಿ ಸೇರಿದೆಯೆಂದು 2009ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಮಿತಿಯೆಂದರೆ ಎಷ್ಟು? ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಮಿಗಿಂತ ಹೆಚ್ಚು ಕ್ರೋಮಿಯಂ ಇರಕೂಡದೆಂದು ಭಾರತೀಯ ಮಾನಕವು ವಿಧಿಸಿದೆ. ಎಂದರೆ ಸಾವಿರ ಲೀಟರ್ ನೀರಿಗೆ 50 ಮಿಲಿಗ್ರಾಂ, ಒಂದು ಚಿಟಿಕೆಗೂ ಕಡಮೆ. ಇಷ್ಟು ಸ್ವಲ್ಪವಾದುದು ಕಣ್ಣಿಗೆ ಬಣ್ಣವಾಗಿ ಕಾಣದು, ನಾಲಗೆಗೆ ರುಚಿಯಾಗಿ ತೋರದು.

ಇಲ್ಲಿ ನಮ್ಮ ಹಳೆಯ ಪಾಠವು ಕೈಕೊಡುವುದನ್ನು ಗಮನಿಸಿರಿ. ನೀರನ್ನು ಕುದಿಸಿದರೆ ರೋಗದ ಅಣುಜೀವಿ ಸಾಯುವುದು, ಕ್ರೋಮಿಯಂ ಸಾಯದು. ಜೀವವೇ ಇಲ್ಲದುದು ಸಾಯುವುದೆಂತು? ಮಾತ್ರವಲ್ಲ, ಕುದಿದಷ್ಟೂ ನೀರು ಆವಿಯಾಗಿ ಹೋಗಿ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ವಿಷವು ಮತ್ತಷ್ಟು ದಟ್ಟವಾಗುವುದು. ಶ್ರದ್ಧೆಯಿಂದ ನೀರು ಕಾಯಿಸುವ ತಾಯಿಯು ತಿಳಿಯದೆ ಮಕ್ಕಳಿಗೆ ಹೆಚ್ಚು ವಿಷವನ್ನೇ ಬಡಿಸಿದಂತಾಯಿತು. ವಿಷಗಳಲ್ಲಿ ಎರಡು ಬಗೆಯುಂಟು, ಒಂದಕ್ಕೆ ಬೆಂಕಿ ಮದ್ದು, ಇನ್ನೊಂದಕ್ಕೆ ಅಲ್ಲ ಎಂಬುದನ್ನು ನಮ್ಮ ಹುಡುಗಿಯರು ಇನ್ನು ಮುಂದೆ ಕಲಿಯಲೇಬೇಕು.

ಈ ಎರಡನೆಯ ಬಗೆಯ ವಿಷದ ಮುಂದೆ ಅಣುಜೀವಿಯು ಏನು ಮಾಡುತ್ತದೆಂಬುದೇ ಆಶ್ಚರ್ಯದ ವಿಷಯ. ಎಲ್ಲ ಜೀವಿಗಳಿಗೂ ಗಂಧಕವು ಬೇಕು. ಅಣುಜೀವಿಯು ಅದನ್ನು ಸಲ್ಫೇಟಿನ ರೂಪದಲ್ಲಿ ಒಳಕ್ಕೆ ಬಿಟ್ಟುಕೊಳ್ಳಲು ತನ್ನ ಪೊರೆಯಲ್ಲಿ ಬಾಗಿಲುಗಳನ್ನಿಟ್ಟುಕೊಂಡಿದೆ. ಆರರ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟು ಎಂಬ ರೂಪದಲ್ಲಿರುವುದು. ಇದರ ಆಕಾರವು ಸಲ್ಫೇಟನ್ನು ಹೋಲುವುದು. ನೆಂಟನ ವೇಷದಲ್ಲಿ ಬಂದ ಕಳ್ಳನಂತೆ ಅದು ಅದೇ ಬಾಗಿಲಿನಿಂದ ಒಳಹೊಕ್ಕು, ಒಳಗಿನ ವಂಶವಾಹಿಗಳನ್ನು ಕೆಡಿಸುವುದು. ಸಾಮಾನ್ಯ ಅಣುಜೀವಿಗಳು ಇದರಿಂದ ಸಾಯುವುವು. ಆದರೆ ವಿಷದ ನಡುವೆಯೇ ಬಹುಕಾಲ ಬಾಳಿದವು ಎರಡು ಉಪಾಯಗಳನ್ನು ಕಲಿತಿವೆ.

ಮೊದಲನೆಯದು, ಒಳಗೆ ಬಂದುದನ್ನು ಹೊರಕ್ಕೆ ತಳ್ಳುವ ಉಪಾಯ. ಕೆಲವು ಬ್ಯಾಕ್ಟೀರಿಯಾಗಳ ಪೊರೆಯಲ್ಲಿ ಕ್ರೋಮೇಟನ್ನು ಹೊರಚೆಲ್ಲುವ ಒಂದು ಪಂಪುಂಟು. ಆ ಪಂಪಿನ ವಂಶವಾಹಿಯನ್ನು ಸ್ಯೂಡೊಮೊನಾಸ್ ಎಂಬ ಜಾತಿಯಲ್ಲಿ ಗುರುತಿಸಿದ ಸಂಶೋಧನೆ 1990ರಲ್ಲಿ ಪ್ರಕಟವಾಯಿತು. ಅದು ಅಣುಜೀವಿಯ ಮುಖ್ಯ ವಂಶತಂತುವಿನಲ್ಲಿರದೆ, ಪ್ಲಾಸ್ಮಿಡ್ ಎಂಬ ಪ್ರತ್ಯೇಕವಾದ ಸಣ್ಣ ಉಂಗುರದಲ್ಲಿತ್ತು. ಇಂತಹ ಉಂಗುರಗಳನ್ನು ಅಣುಜೀವಿಗಳು ಎಷ್ಟೋ ವೇಳೆ ನೆರೆಯವಕ್ಕೂ ಹಂಚಿಕೊಡುವುವು; ಬಿತ್ತನೆಯ ಕಾಲದಲ್ಲಿ ನೆರೆಮನೆಗೆ ಬೀಜ ಕೊಟ್ಟಂತೆ.

ಎರಡನೆಯದು, ವಿಷವನ್ನೇ ಮಾರ್ಪಡಿಸುವ ಉಪಾಯ. ರಷ್ಯದ ರೊಮನೆಂಕೊ ಮತ್ತು ಕೊರೆನ್‌ಕೊವ್ ಎಂಬ ವಿಜ್ಞಾನಿಗಳು 1977ರಲ್ಲಿ ಕೊಳಚೆಯಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಗಾಳಿಯಿಲ್ಲದೆಡೆಯಲ್ಲಿ ಆಮ್ಲಜನಕಕ್ಕೆ ಬದಲಾಗಿ ಅದು ಕ್ರೋಮೇಟನ್ನೇ ಉಪಯೋಗಿಸಿ ಬದುಕುತ್ತಿತ್ತು. ನಾವು ಉಂಡ ಅನ್ನದ ಎಲೆಕ್ಟ್ರಾನುಗಳನ್ನು ಕಟ್ಟಕಡೆಗೆ ಆಮ್ಲಜನಕಕ್ಕೆ ಒಪ್ಪಿಸುವೆವು. ಅದು ಕ್ರೋಮಿಯಮಿಗೆ ಒಪ್ಪಿಸುತ್ತಿತ್ತು. ಮೂರು ಎಲೆಕ್ಟ್ರಾನುಗಳ ದಾನ ಸಿಕ್ಕಿದೊಡನೆ ಆರರ ಕ್ರೋಮಿಯಂ ಮೂರಕ್ಕೆ ಇಳಿದು, ಹಳದಿ ಬಣ್ಣವನ್ನು ಬಿಟ್ಟು, ಗಷ್ಟಾಗಿ ತಳಕ್ಕೆ ಕುಳಿತುಕೊಳ್ಳುವುದು. ಆ ಮೇಲೆ ಬೇರೆ ಬೇರೆ ದೇಶಗಳಲ್ಲಿ, ಚರ್ಮದ ಕಾರ್ಖಾನೆಗಳ ಚರಂಡಿಗಳಲ್ಲಿಯೂ ಗಣಿಗಳ ಮಣ್ಣಿನಲ್ಲಿಯೂ ಇಂತಹ ಅನೇಕ ಜಾತಿಗಳು ದೊರೆತಿವೆ. ಕೆಲವು ಗಾಳಿಯಿರುವಲ್ಲಿಯೇ ಕಿಣ್ವಗಳೆಂಬ ಸಹಾಯಕ ದ್ರವ್ಯಗಳಿಂದ ಈ ಕಾರ್ಯವನ್ನು ಮಾಡುವುವು. ಅನ್ನಭೇದಿಯು ಸಿಮೆಂಟಿನಲ್ಲಿ ಯಾವ ಕೆಲಸವನ್ನು ಮಾಡುವುದೋ ಅದನ್ನೇ ಇವು ಜೀವಂತವಾಗಿ ಮಾಡುತ್ತಿವೆ.

ಈ ಎರಡು ಉಪಾಯಗಳ ಅಂತರವನ್ನು ಸ್ವಲ್ಪ ನಿಂತು ವಿಚಾರ ಮಾಡಬೇಕು. ಪಂಪಿನಿಂದ ಹೊರಚೆಲ್ಲುವ ಅಣುಜೀವಿಯು ತಾನು ಬದುಕಿತು. ಆದರೆ ನೀರು ಮೊದಲಿನಷ್ಟೇ ವಿಷವಾಗಿ ಉಳಿಯಿತು. ಮಾರ್ಪಡಿಸುವ ಅಣುಜೀವಿಯು ತಾನೂ ಬದುಕಿತು, ನೆರೆಯ ಜೀವಿಗಳನ್ನೂ ಬದುಕಿಸಿತು. ವಿಷವನ್ನು ಸಹಿಸುವುದು ಬೇರೆ, ಶುದ್ಧಿಗೊಳಿಸುವುದು ಬೇರೆ. ವಿಜ್ಞಾನಿಗಳು ಬ್ಯಾಕ್ಟೀರಿಯಾಗಳನ್ನು ಆರಿಸುವಾಗ ಈ ಭೇದವನ್ನು ಎಚ್ಚರಿಕೆಯಿಂದ ನೋಡುತ್ತಾರೆ. ಮನುಷ್ಯರ ವಿಷಯದಲ್ಲಿ ನಾವು ಈ ಭೇದವನ್ನು ಮರೆತುಬಿಟ್ಟೆವೇನೋ! ಬಿರಿದ ಅಂಗೈಯನ್ನು ತೋರಿಸಿ "ಸೈಸ್ಕೊಂಡು ಹೋಗೂದು" ಎಂದ ತಾಯಿಯು ಸಹನೆಯಲ್ಲಿ ಯಾರಿಗೂ ಕಡಮೆಯವಳಲ್ಲ. ಆಕೆಯ ಮಗಳಿಗೆ ನಾವು ಅಷ್ಟನ್ನೇ ಕಲಿಸಿ ಕಳುಹಿಸಿದರೆ ಶಾಲೆಯಿದ್ದು ಏನು ಫಲ? ಸಹಿಸುವುದರ ಜೊತೆಗೆ ಮಾರ್ಪಡಿಸುವುದನ್ನೂ ಕಲಿಸತಕ್ಕದ್ದು.

ಈಗ ಅಣುಜೀವಿಗಳನ್ನು ನಿಜವಾಗಿ ಕೆಲಸಕ್ಕೆ ಹಚ್ಚಿದ ಒಂದು ಸಂಗತಿಯನ್ನು ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಹಿಂಕ್ಲಿ ಎಂಬ ಸಣ್ಣ ಊರುಂಟು. ಅಲ್ಲಿಯ ಒಂದು ಅನಿಲ ಸಾಗಣೆಯ ಕಂಪನಿಯು 1952ರಿಂದ 1966ರವರೆಗೆ ತನ್ನ ಯಂತ್ರಗಳನ್ನು ತಂಪಾಗಿಸುವ ನೀರಿಗೆ ತುಕ್ಕು ಹಿಡಿಯದಿರಲೆಂದು ಕ್ರೋಮಿಯಂ ಬೆರೆಸಿ, ಆ ನೀರನ್ನು ತಳಗಟ್ಟಿಲ್ಲದ ಹೊಂಡಗಳಿಗೆ ಬಿಟ್ಟಿತು. ಅದು ನೆಲಕ್ಕಿಳಿದು ಊರ ಬಾವಿಗಳನ್ನು ಮುಟ್ಟಿತು. ಎರಿನ್ ಬ್ರಾಕೋವಿಚ್ ಎಂಬ, ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಹೆಣ್ಣುಮಗಳೊಬ್ಬಳು ಮನೆಮನೆಗೂ ಹೋಗಿ ವಿಚಾರಿಸಿ ಕಾಗದಪತ್ರಗಳನ್ನು ಕೂಡಿಸಿದಳು. 1996ರಲ್ಲಿ ಕಂಪನಿಯು 33 ಕೋಟಿ 30 ಲಕ್ಷ ಡಾಲರುಗಳನ್ನು ಕೊಡಲೊಪ್ಪಿತು. ಶುದ್ಧಿಕಾರ್ಯದಲ್ಲಿ ಹೊರಗಿನಿಂದ ಬ್ಯಾಕ್ಟೀರಿಯಾಗಳನ್ನು ತಂದು ಬಿಡಲಿಲ್ಲ. ನೆಲದೊಳಗೆ ಮೊದಲೇ ಇದ್ದ ಅಣುಜೀವಿಗಳಿಗೆ ಆಹಾರವಾಗಲೆಂದು ಕೊಳವೆಗಳ ಮೂಲಕ ಮದ್ಯಸಾರವನ್ನು ಇಳಿಸಿದರು. ಮದ್ಯಪಾನನಿಷೇಧದ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದ ನಮ್ಮ ಹಳೆಯ ವಿದ್ಯಾರ್ಥಿನಿಯರು ಮದ್ಯಸಾರಕ್ಕೆ ಇಂತಹ ಒಂದು ಸದುಪಯೋಗವಿರುವುದನ್ನು ಕೇಳಿ ಮುಗುಳ್ನಗಬಹುದು. ಬೇರೆ ಕೆಲವು ಕಡೆಗಳಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನೂ ಹೀಗೆ ಉಣಿಸಿದ್ದಾರೆ. ಉಂಡ ಅಣುಜೀವಿಗಳು ಬಲಿತು, ಆಮ್ಲಜನಕವನ್ನು ಮುಗಿಸಿ, ಕ್ರೋಮೇಟಿನ ಮೇಲೆ ಕೈಯಿಕ್ಕುವುವು. ವಿಷವು ನೆಲದೊಳಗೇ ಗಷ್ಟಾಗಿ ನಿಲ್ಲುವುದು.

ಇಷ್ಟನ್ನು ಕೇಳಿ ಕೆಲವರು ಸಂತೋಷದಿಂದ ಹೇಳಬಹುದು: "ಹಾಗಾದರೆ ಚಿಂತೆಯೇಕೆ? ಕಾರ್ಖಾನೆಗಳು ಚೆಲ್ಲಲಿ, ಅಣುಜೀವಿಗಳು ಬಳಿಯಲಿ." ಈ ಮಾತನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಕಾರಣಗಳನ್ನು ಕೇಳಿರಿ.

ಮೊದಲನೆಯದಾಗಿ, ಅಣುಜೀವಿಯು ಕ್ರೋಮಿಯಮನ್ನು ಇಲ್ಲವಾಗಿಸುವುದಿಲ್ಲ. ಕೊಳೆತ ಎಲೆಯನ್ನು ಅದು ಗಾಳಿಯೂ ನೀರೂ ಆಗಿ ಬಿಡಿಸಬಲ್ಲದು, ಲೋಹವನ್ನು ಬಿಡಿಸಲಾರದು. ಮೂರರ ಸ್ಥಿತಿಯಲ್ಲಿ ಅದು ಅಲ್ಲಿಯೇ ಇರುವುದು. ಮಣ್ಣಿನಲ್ಲಿ ಮ್ಯಾಂಗನೀಸಿನ ಕೆಲವು ಖನಿಜಗಳಿದ್ದರೆ ಅವು ಕ್ರೋಮಿಯಮನ್ನು ಪುನಃ ಆರಕ್ಕೆ ಏರಿಸಬಲ್ಲವು. ಸುಣ್ಣ ಕಲ್ಲಾದಂತೆಯೇ ಕಲ್ಲು ಸುಣ್ಣವಾಗುವುದೂ ಉಂಟಷ್ಟೆ.

ಎರಡನೆಯದಾಗಿ, ಅಣುಜೀವಿಯ ಸಹನೆಗೂ ಮೇರೆಯುಂಟು. ವಿಷವು ಅತಿಯಾದರೆ, ನೆಲವು ಅತಿ ಹುಳಿಯೋ ಅತಿ ಖಾರವೋ ಆದರೆ, ಆಹಾರವು ಸಾಲದಾದರೆ, ಅದೂ ಸೋಲುವುದು. ಆಹಾರವನ್ನು ಹೆಚ್ಚಾಗಿ ಸುರಿದರೆ ಮಣ್ಣಿನಲ್ಲಿ ಅಡಗಿದ್ದ ಮ್ಯಾಂಗನೀಸು, ಆರ್ಸೆನಿಕ್ ಮೊದಲಾದವು ಬಿಡುಗಡೆಯಾಗಿ ನೀರಿಗೆ ಸೇರುವ ಭಯವೂ ಇದೆ. ಹಿಂಕ್ಲಿಯಲ್ಲಿ 14 ವರ್ಷ ಚೆಲ್ಲಿದುದನ್ನು ಬಳಿಯುವ ಕೆಲಸವು ಚೆಲ್ಲುವುದು ನಿಂತು ಅರ್ಧ ಶತಮಾನ ಕಳೆದ ಬಳಿಕವೂ ಮುಗಿಯಲಿಲ್ಲ. ಅಷ್ಟು ಧನವುಳ್ಳ ದೇಶದ ಗತಿ ಹೀಗಾದರೆ ನಮ್ಮ ಹಳ್ಳಿಯೊಂದರ ಗತಿಯೇನು?

ಮೂರನೆಯದು ನಮ್ಮ ಸೀಮೆಗೇ ವಿಶೇಷವಾಗಿ ಅನ್ವಯಿಸುವ ಮಾತು. ಮರಳಿನ ನೆಲದಲ್ಲಿ ನೀರು ಮೆಲ್ಲಮೆಲ್ಲನೆ ಸೋಸಿ ಹರಿಯುವುದು. ಸುಣ್ಣಕಲ್ಲಿನ ನೆಲದಲ್ಲಿ ಅದು ಬಿರುಕುಗಳನ್ನೂ ಪೊಳ್ಳುಗಳನ್ನೂ ಹಿಡಿದು ಬೇಗನೆ ದೂರ ಸಾಗುವುದು. ಇಂತಹ ನೆಲಕ್ಕೆ ಒಮ್ಮೆ ವಿಷ ಬಿದ್ದರೆ ಅದು ಯಾವ ಊರಿನ ಯಾವ ಬಾವಿಯಲ್ಲಿ ತಲೆಯೆತ್ತುವುದೆಂದು ಹೇಳುವುದು ಕಷ್ಟ. ಅದನ್ನು ಬೆನ್ನಟ್ಟಿ ಅಣುಜೀವಿಗಳಿಗೆ ಆಹಾರವನ್ನೊದಗಿಸುವುದು ಇನ್ನೂ ಕಷ್ಟ. ಕಾಗಿಣಾ ನದಿಯ ಎರಡು ದಡಗಳ ಹಳ್ಳಿಗಳವರು ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು.

ಆದಕಾರಣ ಅಣುಜೀವಿಗಳ ನಿಜವಾದ ಸ್ಥಾನವು ನೆಲದೊಳಗಲ್ಲ, ಕಾರ್ಖಾನೆಯ ತೊಟ್ಟಿಯೊಳಗೆ ಎಂಬುದು ನಮ್ಮ ಅಭಿಪ್ರಾಯ. ಕೊಳೆನೀರು ಗೋಡೆ ದಾಟುವ ಮೊದಲೇ, ಗಟ್ಟಿಯಾದ ತೊಟ್ಟಿಯಲ್ಲಿ ಅದನ್ನು ನಿಲ್ಲಿಸಿ, ಅನ್ನಭೇದಿಯಿಂದಲೋ ಅಣುಜೀವಿಗಳಿಂದಲೋ ಆರನ್ನು ಮೂರಕ್ಕಿಳಿಸಿ, ಗಷ್ಟನ್ನು ಬೇರ್ಪಡಿಸಿ ಜೋಪಾನವಾಗಿಡುವುದೇ ಧರ್ಮ. ಚೆಲ್ಲಿದ ಮೇಲೆ ಬಳಿಯುವುದು ಪ್ರಾಯಶ್ಚಿತ್ತವೇ ಹೊರತು ವ್ಯವಸ್ಥೆಯಲ್ಲ. ಪ್ರಾಯಶ್ಚಿತ್ತವುಂಟೆಂದು ತಿಳಿದು ತಪ್ಪು ಮಾಡುವವನಿಗೆ ಏನೆನ್ನಬೇಕು?

ಇನ್ನು ಕೆಲವರು ಇದಕ್ಕೆ ತೀರ ವಿರುದ್ಧವಾಗಿ, ಕಾರ್ಖಾನೆಗಳನ್ನೆಲ್ಲ ಮುಚ್ಚಿಸಿಬಿಡಬೇಕೆನ್ನುವರು. ಅವರ ಮಾತನ್ನೂ ನಾವು ಒಪ್ಪಲಾರೆವು. ಈ ಶಾಲೆಯ ಎಷ್ಟೋ ಹುಡುಗಿಯರ ಶುಲ್ಕವೂ ಪುಸ್ತಕವೂ ಆ ಕೂಲಿಯಿಂದಲೇ ಬಂದಿವೆ. ಬಿಟ್ಟರೆ ಹೊಟ್ಟೆ ಸುಡುವುದೆಂದ ತಾಯಿಯ ಮಾತಿನ ಎರಡನೆಯ ಭಾಗವೂ ಮೊದಲನೆಯದರಷ್ಟೇ ಸತ್ಯ. ಬೇಕಾಗಿರುವುದು ಕೈಯೂ ಉಳಿಯುವ, ಹೊಟ್ಟೆಯೂ ತುಂಬುವ ದಾರಿ. ಮತ್ತು ಆ ದಾರಿಯು ಮೇಲೆ ಹೇಳಿದಂತೆ ತಿಳಿದೇ ಇದೆ.

ಹಾಗಾದರೆ ಒಂದು ಹೆಣ್ಣುಮಕ್ಕಳ ಶಾಲೆಯು ಮಾಡಬಹುದಾದುದೇನು? ಮೂರು ಸೂಚನೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ.

ಒಂದು, ಬಾವಿಗಳ ದಾಖಲೆ ಪುಸ್ತಕ. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಮನೆಯವರು ಕುಡಿಯುವ ಬಾವಿಯದೋ ಕೊಳವೆಬಾವಿಯದೋ ನೀರನ್ನು ವರ್ಷಕ್ಕೆರಡು ಸಲ, ಮಳೆಗಾಲದ ಮುಂಚೆ ಮತ್ತು ಆಮೇಲೆ, ಶುಚಿಯಾದ ಸೀಸೆಯಲ್ಲಿ ತರಲಿ. ಆರರ ಕ್ರೋಮಿಯಂ ಇರುವ ನೀರಿಗೆ ಆಮ್ಲ ಬೆರೆಸಿ ಡೈಫಿನೈಲ್ ಕಾರ್ಬಜೈಡ್ ಎಂಬ ದ್ರಾವಣದ ಕೆಲವು ತೊಟ್ಟುಗಳನ್ನು ಹಾಕಿದರೆ ನೇರಿಳೆ ಬಣ್ಣ ಬರುವುದು. ಉಪಾಧ್ಯಾಯಿನಿಯರ ಮೇಲ್ವಿಚಾರಣೆಯಲ್ಲಿ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯೇ ಇದನ್ನು ಮಾಡಿ ತೋರಿಸಬಹುದು. ಬರಿಗಣ್ಣಿಗೆ ಬಣ್ಣ ಕಾಣದ ಮಾತ್ರಕ್ಕೆ ನಿರ್ಭಯವೆಂದು ತಿಳಿಯಲಾಗದು. ಸಂಶಯ ಬಂದ ನೀರನ್ನು ಯಂತ್ರೋಪಕರಣಗಳಿರುವ ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು. ನಾವು ಯಾವ ಬಾವಿಯ ಮೇಲೂ, ಯಾರ ಮೇಲೂ ದೂರು ಹೊರಿಸುತ್ತಿಲ್ಲ. ಮನೆಯ ಖರ್ಚಿನ ಲೆಕ್ಕವಿಡುವ ಗೃಹಿಣಿಯು ಕಳ್ಳತನವಾಯಿತೆಂದು ಲೆಕ್ಕವಿಡುವುದಿಲ್ಲ, ಆಗದಿರಲೆಂದು ಇಡುತ್ತಾಳೆ. ಹಾಗೆಯೇ ಇದೂ.

ಎರಡು, ಕೈಗಳ ರಕ್ಷಣೆ. ಸಿಮೆಂಟಿನ ಕೆಲಸಕ್ಕೆ ಹೋಗುವ ತಾಯಿತಂದೆಗಳಿಗೆ ನೀರು ಹೀರದ ಕೈಚೀಲಗಳು, ಕೆಲಸದ ನಡುವೆಯೂ ಕಡೆಗೂ ಕೈ ತೊಳೆದು ಒರಸಿಕೊಳ್ಳಲು ಶುದ್ಧವಾದ ನೀರು, ಕೈ ಬಿರಿದರೆ ಬೇಗನೆ ವೈದ್ಯರಿಗೆ ತೋರಿಸುವ ಅಭ್ಯಾಸ, ಇವಿಷ್ಟನ್ನು ಹುಡುಗಿಯರೇ ಮನೆಯಲ್ಲಿ ಹೇಳಿಕೊಡಲಿ. ಪಂಕ್ತಿಯಿಂದ ಎಬ್ಬಿಸಿ ಕೈ ತೊಳೆಯಿಸಿದ ಹಳೆಯ ಪಾಠವು ಇಲ್ಲಿ ಪುನಃ ಕೆಲಸಕ್ಕೆ ಬರುವುದನ್ನು ನೋಡಿರಿ! ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಮನೆ ಕಟ್ಟಿಸುವವರು ಅನೇಕರಿರಬಹುದು. ತಮ್ಮ ಮನೆಗೆ ದುಡಿಯುವ ಗೌಂಡಿಗೂ ಬುಟ್ಟಿ ಹೊರುವವಳಿಗೂ ಒಂದು ಜೊತೆ ಕೈಚೀಲವನ್ನು ಕೊಡಿಸುವುದು ಗೃಹಪ್ರವೇಶದ ಖರ್ಚಿನಲ್ಲಿ ಒಂದು ಹೂಮಾಲೆಯ ಬೆಲೆಗಿಂತ ಹೆಚ್ಚಾಗದು.

ಮೂರು, ವಿದ್ಯೆ. ಅಣುಜೀವಿಶಾಸ್ತ್ರವು ಹೆಣ್ಣುಮಕ್ಕಳಿಗೆ ದೂರದ ವಿದ್ಯೆಯಲ್ಲ. ಹೆಪ್ಪು ಹಾಕುವುದರಲ್ಲಿಯೂ ಹಿಟ್ಟು ಹುಳಿಬರಿಸುವುದರಲ್ಲಿಯೂ ನಮ್ಮ ತಾಯಂದಿರು ತಲತಲಾಂತರದಿಂದ ಅದರ ಅಭ್ಯಾಸವನ್ನು ಮಾಡುತ್ತಲೇ ಬಂದಿದ್ದಾರೆ. 1980ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ಕಲಬುರಗಿಯಲ್ಲಿಯೇ ಇದೆ. ಮಗಳನ್ನು ಬೆಂಗಳೂರಿಗೆ ಕಳುಹಿಸಲು ಹಿಂಜರಿಯುವ ತಂದೆಗೂ ಕಲಬುರಗಿ ದೂರವಲ್ಲ. ನಮ್ಮ ಗಣಿಗಳ ಹೊಂಡಗಳಲ್ಲಿಯೂ ಕಾಗಿಣೆಯ ಕೆಸರಿನಲ್ಲಿಯೂ ಯಾವ ಯಾವ ಅಣುಜೀವಿಗಳು ಯಾವ ಯಾವ ವಿದ್ಯೆಯನ್ನು ಕಲಿತು ಕುಳಿತಿವೆಯೋ, ಅದನ್ನು ಹುಡುಕತಕ್ಕವರು ಹೊರಗಿನಿಂದ ಬರಬೇಕೆ? ಈ ನೆಲದ ಮಗಳೇ ಏಕೆ ಹುಡುಕಬಾರದು? ಹತ್ತನೆಯ ತರಗತಿ ಮುಗಿದೊಡನೆ ಮಗಳ ಮದುವೆಗೆ ಆತುರಪಡುವ ತಾಯಿತಂದೆಗಳು ಈ ಪ್ರಶ್ನೆಯನ್ನು ಒಂದು ಸಂಜೆ ಕುಳಿತು ಆಲೋಚಿಸಬೇಕೆಂದು ನಮ್ಮ ಪ್ರಾರ್ಥನೆ.

ಆ ತಾಯಿಯ ಹೆಬ್ಬೆಟ್ಟಿನ ಕಲೆಯುಳ್ಳ ಪ್ರಗತಿಪತ್ರವನ್ನು ನಾವು ಆಕೆಯ ಮಗಳಿಗೆ ಹಿಂದಿರುಗಿಸಿದೆವು. ವಿಜ್ಞಾನದಲ್ಲಿ ಆ ಹುಡುಗಿಗೆ ಒಳ್ಳೆಯ ಅಂಕಗಳು ಬಂದಿದ್ದವು. ಅವಳಿಗೆ ನಾವು ಕಾಣದ ಜೀವಿಗಳಿಂದ ಹೆದರುವುದನ್ನು ಕಲಿಸಿದ್ದೆವು. ಅವುಗಳಿಂದ ಕಲಿಯುವುದನ್ನು ಕಲಿಸಿರಲಿಲ್ಲ. ಮುಂದೆ ಬರುವ ಹುಡುಗಿಯರ ವಿಷಯದಲ್ಲಿ ಈ ಕೊರತೆ ನಿಲ್ಲದಂತೆ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ನಮಗೆ ನೆರವಾಗಬೇಕೆಂದು ಬೇಡಿ, ಈ ವಿಜ್ಞಾಪನೆಯನ್ನು ಮುಗಿಸುತ್ತೇವೆ.